ಹಳೆಯ ಕಾರು: ದುರಸ್ತಿಯೇ, ಬದಲಾವಣೆಯೇ? ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

1. ಉದ್ದೇಶ

ಕೆಎ-30 ಸಂಖ್ಯೆಯಡಿ ನೋಂದಣಿಯಾಗಿ 15 ವರ್ಷ ಪೂರೈಸುತ್ತಿರುವ ಖಾಸಗಿ ಕಾರುಗಳ ಮಾಲೀಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು, ಈ ವಾಹನವನ್ನು ಇನ್ನು ಮುಂದೆ ಓಡಿಸಲು ಕಾನೂನಿನಲ್ಲಿ ಅವಕಾಶವಿದೆಯೇ ಎಂಬುದು. ಎರಡನೆಯದು, ಗ್ಯಾರೇಜಿನವರು ಹೇಳಿದ ಮೊತ್ತವನ್ನು ಖರ್ಚು ಮಾಡಿ ಇದನ್ನೇ ಉಳಿಸಿಕೊಳ್ಳುವುದು ಲೇಸೋ ಅಥವಾ ಬೇರೆ ಕಾರು ಕೊಳ್ಳುವುದು ಲೇಸೋ ಎಂಬುದು. ಮೊದಲನೆಯ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ಎರಡನೆಯದಕ್ಕೆ ಮಾಲೀಕರೇ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಆ ನಿರ್ಧಾರವನ್ನು ಊಹೆಯ ಮೇಲಾಗಲಿ, ಮಾರಾಟಗಾರರ ಒತ್ತಾಯದ ಮೇಲಾಗಲಿ ಕೈಗೊಳ್ಳದೆ, ಪರಿಶೀಲನೆ ಮತ್ತು ಲೆಕ್ಕದ ಆಧಾರದ ಮೇಲೆ ಕೈಗೊಳ್ಳಲು ನೆರವಾಗುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

2. 15 ವರ್ಷ ಎಂಬುದರ ಅರ್ಥ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41(7)ರ ಪ್ರಕಾರ ಸಾರಿಗೆಯೇತರ ವಾಹನದ, ಅಂದರೆ ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನದ, ನೋಂದಣಿ ಪ್ರಮಾಣಪತ್ರವು ನೀಡಿದ ದಿನಾಂಕದಿಂದ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅವಧಿ ಮುಗಿದ ಮೇಲೆ ವಾಹನವು ಸುಸ್ಥಿತಿಯಲ್ಲಿದ್ದಲ್ಲಿ ನೋಂದಣಿಯನ್ನು ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಬಹುದಾಗಿರುತ್ತದೆ.

ಹೀಗಾಗಿ 15 ವರ್ಷವಾದೊಡನೆ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ಮಾತು ಕರ್ನಾಟಕದ ಖಾಸಗಿ ವಾಹನಗಳ ಮಟ್ಟಿಗೆ ಸರಿಯಲ್ಲ. ಈ ತಪ್ಪು ತಿಳಿವಳಿಕೆಗೆ ಮುಖ್ಯವಾಗಿ ಎರಡು ಕಾರಣಗಳಿವೆ. 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್‌ನಲ್ಲಿ ನೀಡಿದ ಆದೇಶವು ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಉತ್ತರ ಕನ್ನಡ ಜಿಲ್ಲೆಗೆ ಅನ್ವಯಿಸುವುದಿಲ್ಲ. 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣವನ್ನು 2023ರ ಏಪ್ರಿಲ್ 1ರಿಂದ ನಿಲ್ಲಿಸಿದ ನಿಯಮವು ಸರ್ಕಾರಿ ವಾಹನಗಳಿಗೆ ಸಂಬಂಧಿಸಿದ್ದು; ನಾಗರಿಕರ ಸ್ವಂತ ವಾಹನಗಳಿಗೆ ಸಂಬಂಧಿಸಿದ್ದಲ್ಲ. ಈ ಎರಡು ಸುದ್ದಿಗಳನ್ನು ಮುಂದಿಟ್ಟುಕೊಂಡು "ನಿಮ್ಮ ಕಾರಿಗೆ ಇನ್ನು ಬೆಲೆಯಿಲ್ಲ" ಎಂದು ಹೇಳಿ ಅಗ್ಗಕ್ಕೆ ಕೊಳ್ಳಬಯಸುವವರ ಬಗ್ಗೆ ಮಾಲೀಕರು ಎಚ್ಚರದಿಂದಿರುವುದು ಸೂಕ್ತ.

ಆದರೆ ಕಾನೂನು ಅನುಮತಿಸುತ್ತದೆ ಎಂದ ಮಾತ್ರಕ್ಕೆ ಎಲ್ಲ ಹಳೆಯ ಕಾರುಗಳೂ ಉಳಿಸಿಕೊಳ್ಳಲು ಯೋಗ್ಯವಾದವು ಎಂದೂ ಅರ್ಥವಲ್ಲ. ವಾಹನದ ವಯಸ್ಸಿಗಿಂತ ಅದರ ಸ್ಥಿತಿಯೇ ಇಲ್ಲಿ ನಿರ್ಣಾಯಕ.

3. ಕರಾವಳಿಯಲ್ಲಿ ಮೊದಲು ನೋಡಬೇಕಾದುದು ಬಾಡಿ, ನಂತರ ಎಂಜಿನ್

ಘಟ್ಟದ ಮೇಲಿನ ಊರುಗಳಲ್ಲಿ ಹಳೆಯ ಕಾರಿನ ಆಯುಷ್ಯವನ್ನು ಎಂಜಿನ್‌ನಿಂದ ಅಳೆಯುವುದುಂಟು. ಕರಾವಳಿಯಲ್ಲಿ ಆ ಅಳತೆ ಸಾಲದು. ಕಾರವಾರ ಮತ್ತು ಅಂಕೋಲಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಸಮುದ್ರದ ಗಾಳಿಯೊಡನೆ ಬರುವ ಉಪ್ಪಿನ ಕಣಗಳು ವಾಹನದ ಮೇಲೂ ಅಡಿಭಾಗದಲ್ಲೂ ಕೂರುತ್ತವೆ. ಉಪ್ಪು ಗಾಳಿಯಲ್ಲಿನ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಬೆರೆತ ತೇವವು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಕಬ್ಬಿಣವು ತುಕ್ಕಾಗುವ ರಾಸಾಯನಿಕ ಕ್ರಿಯೆಯು ಸಾಮಾನ್ಯ ನೀರಿಗಿಂತ ಬೇಗ ನಡೆಯುತ್ತದೆ. ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು ಸಹ ಹಿಂದೆ ಬರುವ ವಾಹನಗಳ ಅಡಿಭಾಗವನ್ನು ಸೇರುತ್ತದೆ.

ಇಂದಿನ ಬಹುತೇಕ ಸಣ್ಣ ಕಾರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ತಗಡಿನ ಬಾಡಿಯೇ ಇಡೀ ಭಾರವನ್ನು ಹೊರುತ್ತದೆ. ಸವೆದ ಎಂಜಿನ್ನನ್ನು ಬಿಚ್ಚಿ ಹೊಸ ಬಿಡಿಭಾಗ ಹಾಕಬಹುದು. ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್‌ಗಳನ್ನು ಬದಲಾಯಿಸಬಹುದು. ಆದರೆ ಭಾರ ಹೊರುವ ಭಾಗವೇ ಒಳಗಿನಿಂದ ಕೊಳೆತಿದ್ದಲ್ಲಿ ಮೇಲೊಂದು ತಗಡು ಹಚ್ಚಿ ವೆಲ್ಡಿಂಗ್ ಮಾಡುವುದರಿಂದ ಮೂಲದ ಬಲ ಮರಳಿ ಬರುವುದಿಲ್ಲ. ಅಪಘಾತದ ಸಮಯದಲ್ಲಿ ಪ್ರಯಾಣಿಕರನ್ನು ಕಾಪಾಡಬೇಕಾದ ಭಾಗವೂ ಇದೇ ಆಗಿರುತ್ತದೆ.

ಆದ್ದರಿಂದ ಯಾವುದೇ ದುರಸ್ತಿಗೆ ಒಪ್ಪಿಗೆ ನೀಡುವ ಮೊದಲು ಕಾರನ್ನು ಲಿಫ್ಟ್ ಅಥವಾ ಗುಂಡಿಯ ಮೇಲೆ ನಿಲ್ಲಿಸಿ ಕೆಳಕಂಡ ಭಾಗಗಳನ್ನು ಮಾಲೀಕರು ಸ್ವತಃ ನೋಡತಕ್ಕದ್ದು:

(ಅ) ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಾಕಾರದ ಭಾಗ ಮತ್ತು ಜಾಕ್ ಕೊಡುವ ಸ್ಥಳಗಳು. ನೀರು ಹೊರಹೋಗುವ ರಂಧ್ರಗಳು ಮಣ್ಣಿನಿಂದ ಮುಚ್ಚಿದ್ದಲ್ಲಿ ತುಕ್ಕು ಒಳಗಿನಿಂದ ಆರಂಭವಾಗುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಕಾಣಬಹುದು.
(ಆ) ಸಸ್ಪೆನ್ಷನ್ ಮತ್ತು ಸ್ಟಿಯರಿಂಗ್ ಭಾಗಗಳು ಬಾಡಿಗೆ ಜೋಡಣೆಯಾಗುವ ಸ್ಥಳಗಳು.
(ಇ) ಕಾಲಡಿಯ ನೆಲ. ಮ್ಯಾಟ್ ಮತ್ತು ಕಾರ್ಪೆಟ್ಟನ್ನು ಎತ್ತಿ ನೋಡಬೇಕು.
(ಈ) ಬ್ರೇಕ್ ಎಣ್ಣೆ ಹೋಗುವ ಲೋಹದ ಕೊಳವೆಗಳು, ಇಂಧನ ಕೊಳವೆ ಮತ್ತು ಟ್ಯಾಂಕ್.
(ಉ) ಚಕ್ರದ ಮೇಲಿನ ಕಮಾನುಗಳ ಒಳಭಾಗ ಮತ್ತು ಸೀಟ್ ಬೆಲ್ಟ್ ಬಿಗಿದಿರುವ ಸ್ಥಳಗಳು.

ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಗಟ್ಟಿಯಾದ ಶಬ್ದ ಬಂದು, ಮೇಲ್ಮೈಯಲ್ಲಿ ಮಾತ್ರ ಕೆಂಪು ಬಣ್ಣವಿದ್ದಲ್ಲಿ ಅದನ್ನು ಉಜ್ಜಿ ತೆಗೆದು, ಪ್ರೈಮರ್ ಮತ್ತು ಕೋಟಿಂಗ್ ಮಾಡಿಸಬಹುದು. ತಗಡು ಪದರ ಪದರವಾಗಿ ಏಳುತ್ತಿದ್ದಲ್ಲಿ ಅಥವಾ ತಟ್ಟಿದಾಗ ತೂತು ಬಿದ್ದಲ್ಲಿ, ಅದರಲ್ಲೂ (ಅ) ಮತ್ತು (ಆ) ಭಾಗಗಳಲ್ಲಿ ಹಾಗಾದಲ್ಲಿ, ಬೇರೆ ಯಾವ ದುರಸ್ತಿಗೂ ಹಣ ಹಾಕುವುದು ಸೂಕ್ತವಲ್ಲ. ಅಂತಹ ಕಾರಿಗೆ ಎಂಜಿನ್ ಕೆಲಸ ಮಾಡಿಸುವುದು ಗೆದ್ದಲು ಹಿಡಿದ ಮನೆಗೆ ಹೊಸ ಹೆಂಚು ಹೊದಿಸಿದಂತೆ. ತುಕ್ಕನ್ನು ತೆಗೆಯದೆ ಅದರ ಮೇಲೆಯೇ ಕಪ್ಪು ಕೋಟಿಂಗ್ ಬಳಿಸುವುದರಿಂದ ತೇವ ಒಳಗೇ ಉಳಿದು ಹಾನಿ ಹೆಚ್ಚುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

4. ವೆಚ್ಚದ ಲೆಕ್ಕ ಹಾಕುವ ಕ್ರಮ

ಬಾಡಿ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ಮಾತ್ರ ಹಣದ ಲೆಕ್ಕಕ್ಕೆ ಬರಬೇಕು. ದುರಸ್ತಿಯ ಮೊತ್ತವನ್ನು ಕಾರಿನ ಇಂದಿನ ಬೆಲೆಯೊಡನೆ ಹೋಲಿಸಿ, "ಅರವತ್ತು ಸಾವಿರದ ಕಾರಿಗೆ ಎಂಬತ್ತೈದು ಸಾವಿರ ಖರ್ಚೇ" ಎಂದು ಬಹಳಷ್ಟು ಮಂದಿ ತೀರ್ಮಾನಿಸಿಬಿಡುತ್ತಾರೆ. ಈ ಹೋಲಿಕೆ ಸರಿಯಾದುದಲ್ಲ. ದುರಸ್ತಿಯಾದ ಕಾರು ಮುಂದೆ ಎಷ್ಟು ವರ್ಷ ಓಡುತ್ತದೆ, ಒಂದು ವರ್ಷಕ್ಕೆ ತಗಲುವ ವೆಚ್ಚವೆಷ್ಟು, ಅಷ್ಟೇ ಅವಧಿಗೆ ಬದಲಿ ಕಾರಿಗೆ ತಗಲುವ ವಾರ್ಷಿಕ ವೆಚ್ಚವೆಷ್ಟು ಎಂಬುದನ್ನು ಹೋಲಿಸತಕ್ಕದ್ದು. ಕೆಳಗಿನ ಮೊತ್ತಗಳು ಕ್ರಮವನ್ನು ತೋರಿಸಲು ಇಟ್ಟುಕೊಂಡ ಉದಾಹರಣೆಗಳಾಗಿದ್ದು, ಮಾಲೀಕರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ಉದಾಹರಣೆ 1: 15 ವರ್ಷ ತುಂಬಿದ 1,200 ಸಿಸಿ ಪೆಟ್ರೋಲ್ ಕಾರು. ಈಗ ಮಾರಿದರೆ ರೂ. 60,000 ಬರುತ್ತದೆ; 5 ವರ್ಷಗಳ ನಂತರ ರೂ. 25,000 ಬರಬಹುದು. ಕ್ಲಚ್, ಸಸ್ಪೆನ್ಷನ್, ಬ್ರೇಕ್, ಟೈರ್ ಇತ್ಯಾದಿ ದುರಸ್ತಿಗೆ ರೂ. 85,000. 5 ವರ್ಷ ಓಡಿಸಿದಲ್ಲಿ ಒಂದು ವರ್ಷದ ವೆಚ್ಚ:

ದುರಸ್ತಿ (85,000 ÷ 5): ರೂ. 17,000
ನೋಂದಣಿ ನವೀಕರಣ ಮತ್ತು ಸಂಬಂಧಿತ ಶುಲ್ಕ (6,000 ÷ 5): ರೂ. 1,200
ಬೆಲೆ ಇಳಿಕೆ (35,000 ÷ 5): ರೂ. 7,000
ಮೂರನೇ ವ್ಯಕ್ತಿ ವಿಮೆ: ರೂ. 4,000
ವರ್ಷದ ನಿರ್ವಹಣೆ: ರೂ. 20,000
ಒಟ್ಟು: ರೂ. 49,200

ಉದಾಹರಣೆ 2: ರೂ. 6,00,000 ಎಕ್ಸ್-ಶೋರೂಂ ಬೆಲೆಯ ಹೊಸ ಕಾರು. ಜೀವಿತಾವಧಿ ತೆರಿಗೆ ಮತ್ತು ಸೆಸ್ ಸುಮಾರು ರೂ. 95,000, ಮೊದಲ ವಿಮೆ ರೂ. 35,000, ಒಟ್ಟು ರೂ. 7,30,000. 5 ವರ್ಷಗಳ ನಂತರ ರೂ. 3,50,000ಕ್ಕೆ ಮಾರಾಟವಾಗುತ್ತದೆ ಎಂದಿಟ್ಟುಕೊಂಡಲ್ಲಿ ಒಂದು ವರ್ಷದ ವೆಚ್ಚ:

ಬೆಲೆ ಇಳಿಕೆ (3,80,000 ÷ 5): ರೂ. 76,000
5 ಲಕ್ಷ ಸಾಲದ ಬಡ್ಡಿ (ಶೇ. 9, 5 ವರ್ಷ): ರೂ. 24,500
ಎರಡನೇ ವರ್ಷದಿಂದ ವಿಮೆ (ಸರಾಸರಿ): ರೂ. 12,000
ವರ್ಷದ ನಿರ್ವಹಣೆ: ರೂ. 8,000
ಒಟ್ಟು: ರೂ. 1,20,500

ಮೊದಲ ನೋಟಕ್ಕೆ ದುರಸ್ತಿಯೇ ಬಹಳ ಅಗ್ಗವೆಂದು ಕಾಣುತ್ತದೆ. ಆದರೆ ಅದೇ ಕಾರು 5 ವರ್ಷಗಳ ಬದಲು 2 ವರ್ಷ ಮಾತ್ರ ಓಡಿತು, ಎರಡನೇ ವರ್ಷ ಇನ್ನೂ ರೂ. 60,000 ಕೆಲಸ ಬಂದಿತು ಎಂದಿಟ್ಟುಕೊಳ್ಳೋಣ. ಆಗ ದುರಸ್ತಿಯ ಪಾಲು 42,500, ಎರಡನೇ ದುರಸ್ತಿ 30,000, ಬೆಲೆ ಇಳಿಕೆ 17,500, ನವೀಕರಣ 3,000, ವಿಮೆ 4,000, ನಿರ್ವಹಣೆ 20,000 ಸೇರಿ ವರ್ಷಕ್ಕೆ ರೂ. 1,17,000 ಆಗುತ್ತದೆ. ಅಂದರೆ ಹೊಸ ಕಾರಿನ ವೆಚ್ಚದಷ್ಟೇ ಖರ್ಚಾಗಿ, ಕೈಯಲ್ಲಿ ಉಳಿಯುವುದು ಹಳೆಯ ಕಾರು. ಇಡೀ ಲೆಕ್ಕ ನಿಂತಿರುವುದು ಒಂದೇ ಅಂಕಿಯ ಮೇಲೆ: ದುರಸ್ತಿಯಾದ ಮೇಲೆ ಕಾರು ಎಷ್ಟು ವರ್ಷ ಬಾಳುತ್ತದೆ. ಕರಾವಳಿಯಲ್ಲಿ ಆ ಅಂಕಿಯನ್ನು ತಿಳಿಸುವುದು ಹಿಂದಿನ ಕಂಡಿಕೆಯಲ್ಲಿ ಹೇಳಿದ ಬಾಡಿಯ ಪರಿಶೀಲನೆ.

ಹೆಚ್ಚು ಓಡಾಟವಿರುವವರು ಇಂಧನವನ್ನೂ ಲೆಕ್ಕಕ್ಕೆ ಸೇರಿಸಬೇಕು. ವರ್ಷಕ್ಕೆ 10,000 ಕಿಲೋಮೀಟರ್ ಓಡುವ ಕಾರು ಲೀಟರಿಗೆ 14ರ ಬದಲು 19 ಕಿಲೋಮೀಟರ್ ಕೊಟ್ಟಲ್ಲಿ ಸುಮಾರು 188 ಲೀಟರ್ ಉಳಿತಾಯವಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಊರೊಳಗಿನ ಸಣ್ಣಪುಟ್ಟ ಓಡಾಟಕ್ಕೆ ಮಾತ್ರ ಕಾರು ಬಳಸುವವರಿಗೆ ಈ ಉಳಿತಾಯವು ಗಣನೀಯವಲ್ಲ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರು, ದೂರದ ಪ್ರಯಾಣಕ್ಕೆ ಬಸ್ಸು, ರೈಲು ಅಥವಾ ಬಾಡಿಗೆ ಕಾರು ಬಳಸಿದರೆ ತಗಲುವ ವೆಚ್ಚವನ್ನೂ ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.

5. ಲೆಕ್ಕದಲ್ಲಿ ಕಾಣದ ಅಂಶಗಳು

(ಅ) ಸುರಕ್ಷತೆ: ಎಬಿಎಸ್ ಬ್ರೇಕ್ ವ್ಯವಸ್ಥೆಯು 2019ರ ಏಪ್ರಿಲ್‌ನಿಂದ, ಚಾಲಕರ ಏರ್‌ಬ್ಯಾಗ್ 2019ರ ಜುಲೈನಿಂದ, ಮುಂದಿನ ಸಹಪ್ರಯಾಣಿಕರ ಏರ್‌ಬ್ಯಾಗ್ 2021ರ ಡಿಸೆಂಬರ್ ಅಂತ್ಯದಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಇವು ಹೆಚ್ಚಾಗಿ ಇರುವುದಿಲ್ಲ. ಯಾವ ದುರಸ್ತಿಯಿಂದಲೂ ಇವುಗಳನ್ನು ಹಳೆಯ ಕಾರಿಗೆ ಸೇರಿಸಲಾಗುವುದಿಲ್ಲ. ಕಾರವಾರ ಪೇಟೆಯೊಳಗೆ ಓಡುವ ಕಾರಿಗೂ, ಪ್ರತಿದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗವಾಗಿ ಹೋಗುವ ಕಾರಿಗೂ ಈ ಕೊರತೆಯ ತೂಕ ಒಂದೇ ಅಲ್ಲ.

(ಆ) ಘಟ್ಟದ ರಸ್ತೆ: ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವವರು ಅರಬೈಲ್ ಘಟ್ಟವನ್ನೂ, ಕಾರವಾರದಿಂದ ಕದ್ರಾ ಮಾರ್ಗವಾಗಿ ಜೋಯಿಡಾಕ್ಕೆ ಹೋಗುವವರು ಅಣಶಿ ಘಟ್ಟವನ್ನೂ ಹತ್ತಿಳಿಯಬೇಕು. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿಯೇ ತೋರುವ ಹಳೆಯ ಬ್ರೇಕ್, ಕ್ಲಚ್ ಮತ್ತು ರೇಡಿಯೇಟರ್‌ಗಳ ದೋಷ ಗೊತ್ತಾಗುವುದು ಇಲ್ಲಿ. ಚಿಕಿತ್ಸೆಗೆಂದು ಹುಬ್ಬಳ್ಳಿಗೆ ರೋಗಿಯನ್ನು ಕರೆದೊಯ್ಯಬೇಕಾದ ಕುಟುಂಬಗಳು ಈ ಅಂಶಕ್ಕೆ ಹೆಚ್ಚಿನ ಮಹತ್ವ ಕೊಡಬೇಕು. ಅಪರಾತ್ರಿಯಲ್ಲಿ ಘಟ್ಟದ ನಡುವೆ ಕಾರು ನಿಂತರೆ ಆಗುವ ನಷ್ಟವನ್ನು ರೂಪಾಯಿಗಳಲ್ಲಿ ಬರೆಯಲಾಗದು.

(ಇ) ಬಿಡಿಭಾಗಗಳ ಲಭ್ಯತೆ: ಮಾರುತಿ 800ರ ತಯಾರಿಕೆ 2014ರಲ್ಲಿಯೇ ನಿಂತಿದ್ದರೂ ಅದರ ಬಿಡಿಭಾಗಗಳು ಸಾಮಾನ್ಯ ಅಂಗಡಿಗಳಲ್ಲಿ ದೊರೆಯುತ್ತವೆ. ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟ 2017ರಲ್ಲಿ ನಿಂತಿತು. ಫೋರ್ಡ್ ಸಂಸ್ಥೆಯು ದೇಶದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಹೀಗೆ ತಯಾರಕರೇ ಹಿಂದೆ ಸರಿದ ಅಥವಾ ಕಡಿಮೆ ಮಾರಾಟವಾದ ಮಾದರಿಯ ಕಾರುಗಳಿಗೆ, ಬೇಕಾದ ಭಾಗ ಸಿಗುತ್ತದೆಯೇ, ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದನ್ನು ಕೆಲಸ ಬಿಚ್ಚಿಸುವ ಮೊದಲೇ ಕೇಳಿ ತಿಳಿಯಬೇಕು.

(ಈ) ಇಂಧನ: ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. 2023ರ ಏಪ್ರಿಲ್‌ಗೆ ಹಿಂದಿನ ಬಹಳಷ್ಟು ಕಾರುಗಳ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳು ಈ ಪ್ರಮಾಣಕ್ಕೆಂದು ರೂಪಿಸಿದವಲ್ಲ. ಹಳೆಯ ಕಾರನ್ನು ಉಳಿಸಿಕೊಳ್ಳುವವರು ಸರ್ವಿಸ್ ಸಮಯದಲ್ಲಿ ಇಂಧನ ಕೊಳವೆಗಳನ್ನು ಪರೀಕ್ಷಿಸಿ, ಬಿರುಕು ಬಿಟ್ಟಲ್ಲಿ ಬದಲಾಯಿಸುವುದು ಅಗತ್ಯ. ಇದು ದೊಡ್ಡ ಖರ್ಚಿನ ಕೆಲಸವಲ್ಲ. ಆದರೆ ಬಿಟ್ಟರೆ ಬೆಂಕಿಯ ಅಪಾಯವಿರುತ್ತದೆ.

6. ವಿಮೆ ಮತ್ತು ನೆರೆ ಹಾನಿ

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಳೆಯಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು ಉಕ್ಕಿ, ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳ ತೀರದ ಗ್ರಾಮಗಳು ಜಲಾವೃತವಾದವು. ನೀರಿನಲ್ಲಿ ಮುಳುಗಿದ ಕಾರಿನ ವಿಷಯದಲ್ಲಿ ದುರಸ್ತಿಯೋ ಬದಲಾವಣೆಯೋ ಎಂಬುದು ಬಹುಮಟ್ಟಿಗೆ ವಿಮೆಯ ಸ್ವರೂಪವನ್ನು ಅವಲಂಬಿಸಿರುತ್ತದೆ.

ಕಾನೂನಿನಂತೆ ಕಡ್ಡಾಯವಾದುದು ಮೂರನೇ ವ್ಯಕ್ತಿ ವಿಮೆ ಮಾತ್ರ. ಅದರಿಂದ ತಮ್ಮ ಕಾರಿಗಾದ ನೆರೆ ಹಾನಿಗೆ ಯಾವ ಪರಿಹಾರವೂ ದೊರೆಯುವುದಿಲ್ಲ. ಸ್ವಂತ ಹಾನಿಯೂ ಸೇರಿದ ಸಮಗ್ರ ವಿಮೆ ಇದ್ದಲ್ಲಿ ಪರಿಹಾರ ದೊರೆಯುತ್ತದೆ. ಆದರೆ ಹಳೆಯ ಕಾರಿಗೆ ಪೂರ್ಣವಾಗಿ ಅಲ್ಲ. 10 ವರ್ಷ ಮೀರಿದ ವಾಹನದ ಲೋಹದ ಬಿಡಿಭಾಗಗಳ ಬೆಲೆಯಲ್ಲಿ ಶೇ. 50ರಷ್ಟು, ರಬ್ಬರ್, ಪ್ಲಾಸ್ಟಿಕ್, ಟೈರ್ ಮತ್ತು ಬ್ಯಾಟರಿಗಳಿಗೆ ವಯಸ್ಸು ಎಷ್ಟೇ ಇದ್ದರೂ ಶೇ. 50ರಷ್ಟು ಸವಕಳಿಯನ್ನು ಕಳೆಯಲಾಗುತ್ತದೆ. ಆ ಮೊತ್ತವನ್ನು ಮಾಲೀಕರೇ ಭರಿಸಬೇಕು. ದುರಸ್ತಿ ವೆಚ್ಚವು ಪಾಲಿಸಿಯಲ್ಲಿ ನಮೂದಾದ ವಾಹನ ಮೌಲ್ಯದ ಶೇ. 75ನ್ನು ಮೀರಿದಲ್ಲಿ ವಾಹನವನ್ನು ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. 5 ವರ್ಷ ಮೀರಿದ ವಾಹನದ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಒಪ್ಪಿ ನಿಗದಿಪಡಿಸುವುದಾದ್ದರಿಂದ, ಕಂತು ಸ್ವಲ್ಪ ಕಡಿಮೆಯಾಗಲೆಂದು ಮೌಲ್ಯವನ್ನು ತೀರಾ ಕೆಳಗೆ ನಮೂದಿಸಬಾರದು.

ನೀರು ನುಗ್ಗಿದ ಕಾರನ್ನು ಸ್ಟಾರ್ಟ್ ಮಾಡಲು ಯತ್ನಿಸಬಾರದು. ಹಾಗೆ ಮಾಡಿದಾಗ ನೀರು ಸಿಲಿಂಡರ್ ಸೇರಿ ಎಂಜಿನ್ ಒಡೆಯಬಹುದು. ಆ ಹಾನಿಗೆ ಪರಿಹಾರ ನಿರಾಕರಿಸಲ್ಪಡುವ ಸಂಭವವೂ ಇರುತ್ತದೆ. ಬ್ಯಾಟರಿ ಸಂಪರ್ಕ ತೆಗೆದು, ಛಾಯಾಚಿತ್ರ ತೆಗೆದಿಟ್ಟು, ವಿಮಾ ಕಂಪನಿಗೆ ತಿಳಿಸಿ, ಟೋಯಿಂಗ್ ಮೂಲಕ ಸಾಗಿಸತಕ್ಕದ್ದು.

7. ಉಳಿಸಿಕೊಳ್ಳಲು ನಿರ್ಧರಿಸಿದಲ್ಲಿ

ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳ ಮೊದಲಿನಿಂದ ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಭರ್ತಿ ಮಾಡಿ, ಮೂಲ ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮೆ, ಮಾಲಿನ್ಯ ತಪಾಸಣಾ ಪ್ರಮಾಣಪತ್ರ ಮತ್ತು ವಿಳಾಸ ದಾಖಲೆಯೊಡನೆ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸತಕ್ಕದ್ದು. ಅತಿ ಸುರಕ್ಷಿತ ನೋಂದಣಿ ಫಲಕವನ್ನು ಮೊದಲೇ ಅಳವಡಿಸಿಕೊಂಡಿರಬೇಕು.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಕಾರಿನ ನವೀಕರಣ ಶುಲ್ಕ ರೂ. 5,000 ಆಗಿದ್ದು, ವಿಳಂಬಕ್ಕೆ ತಿಂಗಳಿಗೆ ರೂ. 500 ಹೆಚ್ಚುವರಿಯಾಗುತ್ತದೆ. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ ಶುಲ್ಕ ರೂ. 10,000. ಇದರೊಡನೆ ರಾಜ್ಯದ ಹಸಿರು ತೆರಿಗೆಯನ್ನೂ ಪಾವತಿಸಬೇಕು. ನೋಂದಣಿ ಅವಧಿ ಮುಗಿದ ವಾಹನವನ್ನು ರಸ್ತೆಯಲ್ಲಿ ಓಡಿಸುವುದು ದಂಡಾರ್ಹ ಅಪರಾಧವಾಗಿದ್ದು, ಅಂತಹ ವಾಹನಕ್ಕೆ ಅಪಘಾತವಾದಲ್ಲಿ ವಿಮೆಯ ವಿಷಯದಲ್ಲೂ ತೊಡಕುಂಟಾಗುತ್ತದೆ.

ಇಲ್ಲಿ ಕ್ರಮ ಮುಖ್ಯ. ಮೊದಲು ಬಾಡಿಯ ಪರಿಶೀಲನೆ, ಅನಂತರ ಬ್ರೇಕ್, ಟೈರ್, ದೀಪ, ಸ್ಟಿಯರಿಂಗ್ ಇತ್ಯಾದಿ ಸುರಕ್ಷತಾ ದುರಸ್ತಿ, ಅನಂತರ ನವೀಕರಣ. ಬಣ್ಣ, ಸೀಟಿನ ಹೊದಿಕೆ ಮುಂತಾದವು ಕೊನೆಗೆ. ಮೊದಲೇ ಬಣ್ಣ ಹೊಡೆಸಿ, ಅನಂತರ ತುಕ್ಕು ಪತ್ತೆಯಾದಲ್ಲಿ ಆ ಹಣ ವ್ಯರ್ಥವಾಗುತ್ತದೆ.

ಎಂಜಿನ್ನನ್ನೇ ಬದಲಾಯಿಸುವುದಾದರೆ ಅಥವಾ ಬೇರೆ ಇಂಧನದ ಕಿಟ್ ಅಳವಡಿಸುವುದಾದರೆ ಕಲಂ 52ರ ನಿಬಂಧನೆಗಳನ್ನು ಪಾಲಿಸಿ, ಬದಲಾವಣೆಯನ್ನು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಿಸಿಕೊಳ್ಳತಕ್ಕದ್ದು. ಎಂಜಿನ್ ಸಂಖ್ಯೆ ದಾಖಲೆಗೆ ಹೊಂದಿಕೆಯಾಗದ ವಾಹನವನ್ನು ನವೀಕರಿಸಲಾಗದು, ಮಾರಲೂ ಆಗದು.

8. ಮಾರಲು ನಿರ್ಧರಿಸಿದಲ್ಲಿ

ಕಾರನ್ನು ಕೊಟ್ಟು ಹಣ ಪಡೆದ ಮಾತ್ರಕ್ಕೆ ಮಾಲೀಕರ ಹೊಣೆ ಮುಗಿಯುವುದಿಲ್ಲ. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರು ಉಳಿದಿದ್ದ ಮೊದಲ ಮಾಲೀಕರ ಮೇಲೆಯೇ ಅಪಘಾತ ಪರಿಹಾರದ ಹೊಣೆ ಬಂದಿತು. ವಿಮೆ ಇಲ್ಲದ ಹಳೆಯ ಕಾರಿನಿಂದ ಪ್ರಾಣಹಾನಿಯಾದಲ್ಲಿ ಪರಿಹಾರದ ಮೊತ್ತವು ಕಾರು ಮಾರಿ ಪಡೆದ ಹಣದ ಹಲವು ಪಟ್ಟು ಆಗಬಹುದು.

ಆದ್ದರಿಂದ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ ಕೊಳ್ಳುವವರ ಕೈಗೆ ಕೊಟ್ಟು ಸುಮ್ಮನಾಗಬಾರದು. ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸತಕ್ಕದ್ದು. ಹೆಸರು ಬದಲಾದುದನ್ನು ಮಾರಿದವರು ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಒಳಿತು. ಬ್ಯಾಂಕಿನ ಸಾಲ ತೀರಿದ್ದರೂ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದಲ್ಲಿ ನಮೂನೆ 35ರ ಮೂಲಕ ಮೊದಲು ಅದನ್ನು ತೆಗೆಸಬೇಕು. ಕ್ಲೇಮ್ ಮಾಡದೆ ಗಳಿಸಿದ ವಿಮಾ ರಿಯಾಯಿತಿಯು ಮಾಲೀಕರಿಗೆ ಸೇರಿದ್ದೇ ಹೊರತು ಕಾರಿಗೆ ಸೇರಿದ್ದಲ್ಲ. ಅದರ ಪತ್ರವನ್ನು ವಿಮಾ ಕಂಪನಿಯಿಂದ ಪಡೆದುಕೊಂಡಲ್ಲಿ ಬದಲಿ ಕಾರಿನ ಸ್ವಂತ ಹಾನಿ ಕಂತಿನಲ್ಲಿ ಗರಿಷ್ಠ ಶೇ. 50ರವರೆಗೆ ಕಡಿತ ದೊರೆಯುತ್ತದೆ.

9. ಗುಜರಿಗೆ ಹಾಕಲು ನಿರ್ಧರಿಸಿದಲ್ಲಿ

ಬಾಡಿ ಕೊಳೆತ ಕಾರನ್ನು ಇನ್ನೊಬ್ಬರಿಗೆ ಮಾರುವುದಕ್ಕಿಂತ ಗುಜರಿಗೆ ಹಾಕುವುದೇ ಸರಿ. ಆದರೆ ದಾರಿಬದಿಯ ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಕೊಟ್ಟಲ್ಲಿ ಕಾರು ಹೋದರೂ ನೋಂದಣಿ ಮಾಲೀಕರ ಹೆಸರಿನಲ್ಲಿಯೇ ಉಳಿಯುತ್ತದೆ. ಚಾಸಿಸ್ ಸಂಖ್ಯೆ ಮತ್ತು ಫಲಕಗಳು ದುರ್ಬಳಕೆಯಾಗುವ ಸಾಧ್ಯತೆಯೂ ಇದೆ. ವಾಹನವು ನಾಶವಾದಲ್ಲಿ ಅಥವಾ ಶಾಶ್ವತವಾಗಿ ಬಳಕೆಗೆ ಅನರ್ಹವಾದಲ್ಲಿ ಕಲಂ 55ರಂತೆ 14 ದಿನಗಳೊಳಗೆ ವರದಿ ಮಾಡಿ ನೋಂದಣಿ ರದ್ದುಪಡಿಸಿಕೊಳ್ಳತಕ್ಕದ್ದು.

2021ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಗಳಂತೆ ಕಾರನ್ನು ನೋಂದಾಯಿತ ವಾಹನ ಸ್ಕ್ರ್ಯಾಪಿಂಗ್ ಘಟಕಕ್ಕೆ ಒಪ್ಪಿಸಿದಲ್ಲಿ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಇದನ್ನು ತೋರಿಸಿ ಹೊಸ ವಾಹನ ಕೊಂಡಲ್ಲಿ ನೋಂದಣಿ ಶುಲ್ಕದ ವಿನಾಯಿತಿ ಇರುತ್ತದೆ. ಖಾಸಗಿ ವಾಹನಕ್ಕೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶವಿದ್ದು, ರಾಜ್ಯದ ಮಿತಿಗೊಳಪಟ್ಟು ಅದು ದೊರೆಯುತ್ತದೆ. ಹೊಸ ಕಾರು ಕೊಳ್ಳುವ ಉದ್ದೇಶವಿರುವವರು ಗುಜರಿ ಅಂಗಡಿಯ ಬೆಲೆಯನ್ನಷ್ಟೇ ನೋಡದೆ ಈ ರಿಯಾಯಿತಿಯನ್ನೂ ಸೇರಿಸಿ ಹೋಲಿಸತಕ್ಕದ್ದು.

10. ಬದಲಿ ಕಾರು ಕೊಳ್ಳುವಾಗ

ಕರ್ನಾಟಕದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಜೀವಿತಾವಧಿ ತೆರಿಗೆಯ ಮೂಲ ದರವು 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲ್ಪಟ್ಟು ಶೇ. 18 ಆಗಿದ್ದು, ಇದರ ಮೇಲೆ ಸೆಸ್ ಇರುತ್ತದೆ. ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 28 ಹಾಗೂ ಸೆಸ್‌ನಿಂದ ಶೇ. 18ಕ್ಕೆ ಇಳಿದಿದೆ. ಬೆಲೆಯನ್ನು ಕೇಳುವಾಗ ಎಕ್ಸ್-ಶೋರೂಂ ಬೆಲೆಯನ್ನಲ್ಲದೆ ರಸ್ತೆಗಿಳಿಯುವವರೆಗಿನ ಪೂರ್ಣ ಮೊತ್ತವನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

ಬದಲಿ ಎಂದರೆ ಹೊಸದೇ ಆಗಬೇಕೆಂದಿಲ್ಲ. ಏಳೆಂಟು ವರ್ಷದ ಕಾರು ಅನೇಕ ಕುಟುಂಬಗಳಿಗೆ ಸರಿಹೊಂದುತ್ತದೆ. ಅದರಲ್ಲಿಯೂ ಸಮುದ್ರತೀರದಲ್ಲೇ ಬಳಕೆಯಾದ ಕಾರಿಗಿಂತ ಘಟ್ಟದ ಮೇಲಿನ ಊರಿನಲ್ಲಿ ಬಳಕೆಯಾದ ಕಾರಿನ ಬಾಡಿ ಗಟ್ಟಿಯಿರುವ ಸಂಭವ ಹೆಚ್ಚು. ನೆರೆಯಲ್ಲಿ ಮುಳುಗಿದ ಕಾರೇ ಎಂಬುದನ್ನು ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗುರುತು ನೋಡಿ ತಿಳಿಯಬಹುದು.

ನೆರೆಯ ಗೋವಾದಲ್ಲಿ ನೋಂದಣಿಯಾದ ಕಾರು ಕೊಳ್ಳುವವರು ವಿಶೇಷವಾಗಿ ಗಮನಿಸತಕ್ಕದ್ದು: ಅಲ್ಲಿನ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇಲ್ಲಿ ವಾಹನದ ವಯಸ್ಸಿಗೆ ಅನುಗುಣವಾದ ಜೀವಿತಾವಧಿ ತೆರಿಗೆ ಪಾವತಿಸಿ, ನಮೂನೆ 27ರಲ್ಲಿ ಅರ್ಜಿ ಸಲ್ಲಿಸಿ ಕರ್ನಾಟಕದ ಸಂಖ್ಯೆ ಪಡೆಯಬೇಕು. ಹೊರರಾಜ್ಯದ ವಾಹನವನ್ನು 12 ತಿಂಗಳಿಗೂ ಮೀರಿ ಇಲ್ಲಿ ಇಟ್ಟುಕೊಂಡಲ್ಲಿ ಹೊಸ ಸಂಖ್ಯೆ ಪಡೆಯುವುದು ಕಲಂ 47ರಂತೆ ಕಡ್ಡಾಯ. ಈ ತೆರಿಗೆಯನ್ನು ಸೇರಿಸಿ ನೋಡಿದಾಗ ಅಗ್ಗವೆಂದು ಕಂಡ ಕಾರು ಅಗ್ಗವಾಗಿಯೇ ಉಳಿಯುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಲೆಕ್ಕ ಹಾಕಬೇಕು. ಕೈಗಾ ಅಣು ವಿದ್ಯುತ್ ಕೇಂದ್ರ ಮತ್ತು ಕಾರವಾರದ ನೌಕಾನೆಲೆಗೆ ವರ್ಗವಾಗಿ ಬರುವವರು ತಮ್ಮೊಡನೆ ತರುವ ಹೊರರಾಜ್ಯದ ಕಾರುಗಳಿಗೂ 12 ತಿಂಗಳ ನಿಯಮ ಅನ್ವಯಿಸುತ್ತದೆ.

11. ಸಾರಾಂಶ

(ಅ) ಭಾರ ಹೊರುವ ಭಾಗಗಳು ತುಕ್ಕಿನಿಂದ ತೂತಾಗಿದ್ದಲ್ಲಿ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕಾರನ್ನು ಬಿಡುವುದು.
(ಆ) ಬಾಡಿ ಗಟ್ಟಿಯಿದ್ದು, ಬಿಡಿಭಾಗ ದೊರೆಯುತ್ತಿದ್ದು, ಓಡಾಟ ಮಿತವಾಗಿದ್ದಲ್ಲಿ ದುರಸ್ತಿ ಮಾಡಿಸಿ ನೋಂದಣಿ ನವೀಕರಿಸುವುದು.
(ಇ) ಬಾಡಿ ಗಟ್ಟಿಯಿದ್ದರೂ ಹೆದ್ದಾರಿ ಮತ್ತು ಘಟ್ಟದ ಪ್ರಯಾಣ ಹೆಚ್ಚಾಗಿದ್ದಲ್ಲಿ ಸುರಕ್ಷತೆಯನ್ನು ಮುಂದಿಟ್ಟು ಬದಲಿ ಕಾರಿನ ಬಗ್ಗೆ ಯೋಚಿಸುವುದು.
(ಈ) ನಿರ್ಧಾರ ಯಾವುದೇ ಆಗಲಿ, ಅದನ್ನು ದಾಖಲೆಯಲ್ಲಿ ಪೂರ್ಣಗೊಳಿಸುವುದು: ಉಳಿಸಿಕೊಂಡರೆ ನವೀಕರಣ, ಮಾರಿದರೆ ವರ್ಗಾವಣೆ, ಗುಜರಿಗೆ ಹಾಕಿದರೆ ರದ್ದತಿ.

ನೋಂದಣಿ ಅವಧಿ ಮುಗಿಯುವ ದಿನಾಂಕವು ನೋಂದಣಿ ಪ್ರಮಾಣಪತ್ರದಲ್ಲಿಯೇ ನಮೂದಾಗಿರುತ್ತದೆ. ಆ ದಿನಾಂಕಕ್ಕೆ ಐದಾರು ತಿಂಗಳು ಮೊದಲೇ, ಸಾಧ್ಯವಾದಲ್ಲಿ ಮಳೆಗಾಲ ಮುಗಿದ ಕೂಡಲೇ, ಕಾರಿನ ಅಡಿಭಾಗವನ್ನು ಪರೀಕ್ಷಿಸಿ ಲೆಕ್ಕ ಹಾಕಿದಲ್ಲಿ ನಿರ್ಧಾರಕ್ಕೆ ಸಾಕಷ್ಟು ಸಮಯವಿರುತ್ತದೆ. ಶುಲ್ಕ ಮತ್ತು ತೆರಿಗೆ ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಪಾವತಿಗೆ ಮುನ್ನ ಪರಿವಾಹನ್ ಜಾಲತಾಣದಲ್ಲಿ ಅಥವಾ ಕಾರವಾರದ ಸಾರಿಗೆ ಕಚೇರಿಯಲ್ಲಿ ಆ ದಿನದ ದರವನ್ನು ಖಚಿತಪಡಿಸಿಕೊಳ್ಳಲು ಮತ್ತು ಮಧ್ಯವರ್ತಿಗಳ ನೆರವಿಲ್ಲದೆ ನೇರವಾಗಿ ಅರ್ಜಿ ಸಲ್ಲಿಸಲು ಅರ್ಜಿದಾರರನ್ನು ಕೋರಲಾಗಿದೆ.